ಹೈಬ್ರಿಡ್ ಸೈಕಲ್: ಅಳತೆ ಮೊದಲು, ಅಂಗಡಿಯೋ ಆನ್‌ಲೈನೋ ಆಮೇಲೆ

ಆನ್‌ಲೈನ್ ಮಳಿಗೆಯಲ್ಲಿ ‘ಹೈಬ್ರಿಡ್ ಸೈಕಲ್’ ಎಂದು ಹುಡುಕಿ ನೋಡಿ. ಬರುವುದೆಲ್ಲ ಹೈಬ್ರಿಡ್ ಅಲ್ಲ. ದಪ್ಪ ಟೈರು, ಹಿಂದೆ ಮುಂದೆ ಸಸ್ಪೆನ್ಷನ್, ಗೇರೇ ಇಲ್ಲದ 26 ಇಂಚು ಗಾಲಿಯ ಸೈಕಲ್‌ಗೂ ಆ ಹೆಸರು ಅಂಟಿಸಿರುತ್ತಾರೆ. ಅಸಲಿ ಹೈಬ್ರಿಡ್‌ಗೆ ಮೂರು ಗುರುತು: 700ಸಿ ಗಾಲಿ, ಸುಮಾರು 32ರಿಂದ 45 ಮಿ.ಮೀ. ಅಗಲದ ಟೈರು, ನೇರ ಹ್ಯಾಂಡಲ್. ಹಿಂದೆ ಸಸ್ಪೆನ್ಷನ್ ಇರುವುದಿಲ್ಲ. ಮುಂದೆ ಕೆಲವದರಲ್ಲಿ ಇರುತ್ತದೆ, ಆದರೆ ಅಗ್ಗದ ಸಸ್ಪೆನ್ಷನ್ ಫೋರ್ಕು (ಮುಂದಿನ ಗಾಲಿಯನ್ನು ಹಿಡಿದಿರುವ ಕವಲು) ಹೆಚ್ಚುಕಮ್ಮಿ ಒಂದು ಕೆ.ಜಿ. ತೂಕ ಏರಿಸಿ, ಏರು ಹತ್ತುವಾಗ ನಿಮ್ಮ ಶಕ್ತಿಯನ್ನೂ ಸ್ವಲ್ಪ ತಿಂದುಹಾಕುತ್ತದೆ. ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಗಟ್ಟಿ ಫೋರ್ಕೇ ಲೇಸು. ಗುಂಡಿಯ ಏಟನ್ನು 40 ಮಿ.ಮೀ. ಟೈರು ತಡೆದುಕೊಳ್ಳುತ್ತದೆ.

ಜನ ಹೆಚ್ಚು ಎಡವುವುದು ಮಾತ್ರ ‘ಸೈಜ್’ ಎಂಬ ಕಲಂನಲ್ಲಿ. ಅಲ್ಲಿ 26ಟಿ, 27.5ಟಿ, 29ಟಿ, 700ಸಿ ಎಂದಿದ್ದರೆ ಅದು ಗಾಲಿಯ ಅಳತೆ, ಫ್ರೇಮಿನದಲ್ಲ. ‘ನಾನು ಎತ್ತರ, 29 ತಗೊಳ್ತೀನಿ’ ಎನ್ನುವವರು ಇಲ್ಲೇ ದಾರಿ ತಪ್ಪುತ್ತಾರೆ. 29 ಇಂಚಿನ ರಿಮ್ಮೂ 700ಸಿ ರಿಮ್ಮೂ ಒಂದೇ 622 ಮಿ.ಮೀ. ವ್ಯಾಸದವು. ಗಿಡ್ಡ ಫ್ರೇಮಿಗೂ ಉದ್ದ ಫ್ರೇಮಿಗೂ ಅದೇ ಗಾಲಿ ಬರಬಹುದು. ಫ್ರೇಮಿನ ಅಳತೆಯನ್ನು ಇಂಚಿನಲ್ಲೋ ಎಸ್, ಎಂ, ಎಲ್ ಎಂದೋ ಬೇರೆಯಾಗಿ ಕೊಟ್ಟಿರಬೇಕು. ಕೊಟ್ಟಿಲ್ಲವೆಂದರೆ, ಅಥವಾ ಎಲ್ಲರಿಗೂ ಒಂದೇ 18 ಇಂಚಿನ ಫ್ರೇಮ್ ಎಂದಿದ್ದರೆ, ಆ ಪುಟ ಮುಚ್ಚಿ ಮುಂದೆ ಹೋಗಿ. ‘12 ವರ್ಷ ಮೇಲ್ಪಟ್ಟವರಿಗೆ’ ಎನ್ನುವುದು ಅಳತೆಯೇ ಅಲ್ಲ.

ಮನೆಯಲ್ಲೇ ತೆಗೆಯಬೇಕಾದ ಅಳತೆ

ಬೇಕಾದದ್ದು ಒಂದು ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲು, ಟೇಪು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ 15 ಸೆಂ.ಮೀ. ಬಿಟ್ಟು ನಿಲ್ಲಿ. ಪುಸ್ತಕದ ಬೆನ್ನು ಮೇಲೆ ಬರುವಂತೆ ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಬಿಗಿಯಾಗಿ ತೊಡೆಸಂದಿಗೆ ಒತ್ತಿ. ಪುಸ್ತಕದ ಅಂಚು ಗೋಡೆಗೆ ಮಟ್ಟಸವಾಗಿ ತಾಗಿರಲಿ. ಇನ್ನೊಬ್ಬರು ಗುರುತು ಹಾಕಲಿ. ನೆಲದಿಂದ ಗುರುತಿನವರೆಗಿನ ಎತ್ತರವೇ ನಿಮ್ಮ ಒಳಗಾಲಿನ ಅಳತೆ. ಮೂರು ಸಲ ತೆಗೆದು ಸರಾಸರಿ ಹಿಡಿಯಿರಿ. ದರ್ಜಿ ಕೊಟ್ಟ ಪ್ಯಾಂಟಿನ ಒಳ ಅಳತೆ ಇಲ್ಲಿ ನಡೆಯದು, ಅದು ಕೆಲವು ಸೆಂಟಿಮೀಟರ್ ಕಡಿಮೆಯೇ ಇರುತ್ತದೆ.

ಈ ಒಂದು ಸಂಖ್ಯೆಯಿಂದ ಎರಡು ಲೆಕ್ಕ ಸಿಗುತ್ತದೆ. ಒಳಗಾಲಿನ ಅಳತೆ 77 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದನ್ನು 0.883ರಿಂದ ಗುಣಿಸಿದರೆ 68 ಸೆಂ.ಮೀ. ಫ್ರೇಮಿನ ಕೆಳತುದಿಯಲ್ಲಿ ಎರಡೂ ಪೆಡಲ್ ಸುತ್ತುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ ಇದು. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್‌ರಿಂದ ಹೆಸರಾದ ಸೂತ್ರ. ರೇಸಿನವರ ಲೆಕ್ಕವಾದ್ದರಿಂದ ಊರಲ್ಲಿ ಚಪ್ಪಟೆ ಪೆಡಲ್ ತುಳಿಯುವವರು ಒಂದು ಸೆಂ.ಮೀ. ಇಳಿಸಿ ಶುರುಮಾಡಿದರೆ ಹಾಯಾಗಿರುತ್ತದೆ. ಎರಡನೆಯದು ನಿಂತಾಗಿನ ಅಂತರ: ಸೈಕಲ್ಲಿನ ಆಚೀಚೆ ಕಾಲೂರಿ ನಿಂತಾಗ ಮೇಲಿನ ಕೊಳವೆಗೂ ತೊಡೆಸಂದಿಗೂ ಮಧ್ಯೆ 2.5ರಿಂದ 5 ಸೆಂ.ಮೀ. ಇರಲಿ. ಹಾಗಾಗಿ ಕಂಪನಿಯ ಪಟ್ಟಿಯಲ್ಲಿ ‘ಸ್ಟ್ಯಾಂಡ್‌ಓವರ್’ ಎಂದಿರುವ ಸಂಖ್ಯೆ ಈ ಲೆಕ್ಕಕ್ಕೆ 74 ದಾಟಬಾರದು. ಶೂ ಹಾಕಿ ನಿಂತರೆ ಇನ್ನೂ ಎರಡು ಸೆಂ.ಮೀ. ಸಿಗುತ್ತದೆ.

ಹಳೆಯ ಪುಸ್ತಕಗಳಲ್ಲಿ ಒಳಗಾಲಿನ ಅಳತೆಯನ್ನು 0.66ರಿಂದ ಗುಣಿಸಿ ಫ್ರೇಮ್ ಸೈಜ್ ತೆಗೆಯುತ್ತಿದ್ದರು. 77ಕ್ಕೆ 51 ಸೆಂ.ಮೀ., ಅಂದರೆ 20 ಇಂಚು. ಮೇಲಿನ ಕೊಳವೆ ನೆಲಕ್ಕೆ ಸಮಾಂತರವಾಗಿದ್ದ ಕಾಲದ ಲೆಕ್ಕ ಅದು. ಈಗಿನ ಫ್ರೇಮುಗಳಲ್ಲಿ ಆ ಕೊಳವೆ ಸೀಟಿನ ಕಡೆಗೆ ಇಳಿಜಾರಾಗಿರುವುದರಿಂದ ಅದೇ ಸವಾರನಿಗೆ 17–18 ಇಂಚಿನ ಎಂ ಸಾಕಾಗುತ್ತದೆ. ಸೂತ್ರ ನಂಬಿ 20 ತರಿಸಿಕೊಂಡರೆ ಸೀಟನ್ನೇನೋ ಇಳಿಸಬಹುದು, ಹ್ಯಾಂಡಲ್ ಮಾತ್ರ ಕೈಗೆಟುಕದಷ್ಟು ದೂರ.

ಕಾಲಿಗಿಂತ ಈ ಕೈಯ ದೂರವೇ ಹೆಚ್ಚು ಕಾಡುವುದು. ಸೀಟಿನ ಎತ್ತರ ಎರಡು ನಿಮಿಷದಲ್ಲಿ ಬದಲಾಗುತ್ತದೆ, ಫ್ರೇಮಿನ ಉದ್ದ ಬದಲಾಗದು. ಒಳ್ಳೆಯ ಕಂಪನಿಗಳು ತಮ್ಮ ಪುಟದಲ್ಲಿ ‘ಜಿಯಾಮೆಟ್ರಿ’ ಪಟ್ಟಿ ಹಾಕುತ್ತವೆ. ಅದರಲ್ಲಿ ನೋಡಬೇಕಾದದ್ದು ‘ರೀಚ್’ ಮತ್ತು ‘ಸ್ಟ್ಯಾಕ್’. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಮುಂದಿದೆ ಎಂಬುದು ರೀಚ್, ಎಷ್ಟು ಮೇಲಿದೆ ಎಂಬುದು ಸ್ಟ್ಯಾಕ್. ಒಬ್ಬರ ಎತ್ತರ 168 ಸೆಂ.ಮೀ., ಇನ್ನೊಬ್ಬರದೂ ಅಷ್ಟೇ. ಆದರೆ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ. ಕಾಲುದ್ದದವರಿಗೆ ರೀಚ್ ಕಡಿಮೆ, ಸ್ಟ್ಯಾಕ್ ಹೆಚ್ಚು ಇರುವ ಫ್ರೇಮ್ ಬೇಕು. ಎತ್ತರವೊಂದನ್ನೇ ನೋಡಿ ಎಂ, ಎಲ್ ಹೇಳುವ ಪಟ್ಟಿಗೆ ಈ ವ್ಯತ್ಯಾಸ ತಿಳಿಯದು. ಎರಡು ಸೈಜಿನ ಗಡಿಯಲ್ಲಿದ್ದರೆ ನಮ್ಮ ಸಲಹೆ ಚಿಕ್ಕದಕ್ಕೆ: ಸೀಟು ಏರಿಸಿ, ಈಗಿರುವುದಕ್ಕಿಂತ ಒಂದೆರಡು ಸೆಂ.ಮೀ. ಹೆಚ್ಚು ಉದ್ದದ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ತುಂಡು) ಹಾಕಿ ಚಿಕ್ಕ ಫ್ರೇಮನ್ನು ಹಿಗ್ಗಿಸಬಹುದು, ದೊಡ್ಡದನ್ನು ಕುಗ್ಗಿಸುವುದು ಕಷ್ಟ. ಕೈ ಎಟುಕದೆಂದು ಸೀಟನ್ನು ಮುಂದಕ್ಕೆ ತಳ್ಳಬೇಡಿ, ಆ ಭಾರ ಹೋಗಿ ಮಂಡಿಯ ಮೇಲೆ ಕೂರುತ್ತದೆ.

155 ಸೆಂ.ಮೀ.ಗಿಂತ ಕಡಿಮೆ ಎತ್ತರದವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಪುಟ್ಟ ಫ್ರೇಮಿಗೆ 700ಸಿ ಗಾಲಿ ಹಾಕಿದಾಗ ತಿರುವಿನಲ್ಲಿ ಕಾಲಿನ ತುದಿ ಮುಂದಿನ ಗಾಲಿಗೆ ತಾಗಬಹುದು. ಪೆಡಲನ್ನು ಮುಂದಕ್ಕೆ ಅಡ್ಡವಾಗಿ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಿ ನೋಡಿ. ಮಡ್‌ಗಾರ್ಡ್ ಹಾಕಿದ ಮೇಲೆ ಜಾಗ ಇನ್ನೂ ಕಡಿಮೆಯಾಗುತ್ತದೆ. ಕೆಲವು ಕಂಪನಿಗಳು ಇದಕ್ಕೆಂದೇ ಚಿಕ್ಕ ಸೈಜಿಗೆ 27.5 ಇಂಚಿನ ಗಾಲಿ ಕೊಡುತ್ತವೆ.

ಅಂಗಡಿಗೆ ಹೋದಾಗ

ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ. ಮೊದಲು ಗಾಳಿ ತುಂಬಿಸಿ. ಪ್ರದರ್ಶನಕ್ಕಿಟ್ಟ ಸೈಕಲ್ಲುಗಳಲ್ಲಿ ಗಾಳಿ ಇಳಿದಿರುವುದೇ ಹೆಚ್ಚು, ಅದರಲ್ಲಿ ಓಡಿಸಿದರೆ ಯಾವ ಸೈಕಲ್ಲೂ ಭಾರ. ಆಮೇಲೆ ಸೀಟು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿದಾಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಸೀಟಿನ ಕಂಬದ ಮೇಲೆ ಕನಿಷ್ಠ ಆಳದ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಮೇಲೆತ್ತಬೇಕಾಗಿ ಬಂದರೆ ಫ್ರೇಮ್ ಚಿಕ್ಕದಾಯಿತು.

ಅಂಗಡಿಯ ಮುಂದಿನ ಹತ್ತು ಗಜ ಓಡಿಸಿದರೆ ಏನೂ ತಿಳಿಯದು. ಹತ್ತು ನಿಮಿಷವಾದರೂ ಓಡಿಸಲು ಕೇಳಿ, ದಾರಿಯಲ್ಲಿ ಒಂದು ಹಂಪು, ಒಂದು ಏರು ಇರಲಿ. ಸೊಂಟ ಎಡಬಲಕ್ಕೆ ಓಲಾಡಿದರೆ ಸೀಟು ಎತ್ತರ. ಮಂಡಿಯ ಮುಂಭಾಗ ಹಿಡಿದುಕೊಂಡರೆ ತಗ್ಗು. ಅಂಗೈ ಜೋಮು ಹಿಡಿಯುವುದು, ಭುಜ ಕಿವಿಯತ್ತ ಏರುವುದು ಹ್ಯಾಂಡಲ್ ದೂರವಾದ ಲಕ್ಷಣ. ಏರಿನಲ್ಲಿ ಎಲ್ಲ ಗೇರೂ ಬದಲಿಸಿ ನೋಡಿ, ಸ್ಟ್ಯಾಂಡಿನ ಮೇಲೆ ಸಲೀಸಾಗಿ ಬೀಳುವ ಗೇರು ತುಳಿತದ ಭಾರಕ್ಕೆ ತಡವರಿಸುವುದುಂಟು.

ಅಂಗಡಿಯ ದೊಡ್ಡ ಅಪಾಯ ಒಂದೇ. ನಿಮ್ಮ ಸೈಜು ಇಲ್ಲದಿದ್ದಾಗ ಇರುವುದನ್ನೇ ಸಾಗಹಾಕುತ್ತಾರೆ. ‘ಸೀಟು ಏರಿಸಿದ್ರೆ ಸರಿಹೋಗುತ್ತೆ ಸಾರ್’ ಎಂಬ ಮಾತು ಕೇಳಿದ ಕೂಡಲೇ ಟೇಪು ತೆಗೆಯಿರಿ. ಟೈರಿನ ಪಕ್ಕದ ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೆ ಹಳೇ ಸ್ಟಾಕು. ಟೈರು ಬದಲಿಸಿಕೊಡಲು ಹೇಳಿ.

ಗೇರು, ಬ್ರೇಕು, ಟೈರು: ಊರು ನೋಡಿ

21 ಗೇರು, 24 ಗೇರು ಎಂಬ ಸಂಖ್ಯೆಗೆ ಮರುಳಾಗಬೇಡಿ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. 28ಕ್ಕೆ 34 ಇದ್ದರೆ 0.82, ಚಾಮುಂಡಿ ಬೆಟ್ಟವನ್ನು ಕೂತೇ ಹತ್ತಬಹುದು. ಮುಂದೆ ಒಂದೇ 42 ಹಲ್ಲಿನ ಚಕ್ರ, ಹಿಂದೆ 34 ಇದ್ದರೆ 1.24; ಹೊಸಬರು ಅರ್ಧದಲ್ಲೇ ಇಳಿದು ತಳ್ಳುತ್ತಾರೆ. ಮಂಗಳೂರು, ಮಡಿಕೇರಿಯವರು 1ಕ್ಕಿಂತ ಕಡಿಮೆ ಬರುವುದನ್ನೇ ಆರಿಸಲಿ. ಬಯಲುಸೀಮೆಯ ಚಪ್ಪಟೆ ರಸ್ತೆಗೆ ಇದರ ಚಿಂತೆ ಬೇಡ, ಅಲ್ಲಿನ ಶತ್ರು ನೆಗ್ಗಿಲ ಮುಳ್ಳು ಮತ್ತು ಜಾಲಿ ಮುಳ್ಳು. ಪಂಕ್ಚರ್ ತಡೆಯುವ ಪಟ್ಟಿ ಇರುವ ಟೈರು ಹಾಕಿಸಿ.

ಕಡಿಮೆ ಬೆಲೆಯ ಸೈಕಲ್ಲಿನ ಕೇಬಲ್ ಡಿಸ್ಕ್‌ಗಿಂತ ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ಒಳ್ಳೆಯ ವಿ-ಬ್ರೇಕ್ ವಾಸಿ, ಹಳ್ಳಿಯ ಮೆಕ್ಯಾನಿಕ್ಕೂ ರಿಪೇರಿ ಮಾಡಬಲ್ಲ. ಮಲೆನಾಡು, ಕರಾವಳಿಯ ಮಳೆಗೆ ಮಾತ್ರ ಕೈಗೆಟುಕಿದರೆ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಡಿಸ್ಕ್ ತಗೊಳ್ಳಿ. ಒದ್ದೆ ರಿಮ್ಮಿನಲ್ಲಿ ಬ್ರೇಕು ಹಿಡಿಯುವುದು ತಡ.

ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. 700ಸಿ ಟೈರಿನ ಮೇಲೆ ಕೆಲವೊಮ್ಮೆ 28 ಇಂಚು ಎಂದೂ ಅಚ್ಚಾಗಿರುತ್ತದೆ. ಅದನ್ನು ನೋಡಿ ಹಳೆಯ ಅಂಗಡಿಯವರು ದೊಡ್ಡ ಕರೀ ಸೈಕಲ್ಲಿನ 28 ಇಂಚು ಟೈರು ಕೊಡುತ್ತಾರೆ. ಅದರದು 635 ಮಿ.ಮೀ. ರಿಮ್ಮು, ನಿಮ್ಮದು 622. ರಿಮ್ಮಿನ ಮೇಲೆ ಸಡಿಲವಾಗಿ ಕುಣಿಯುತ್ತದೆ, ಹಾಕಲೇಬಾರದು. ಟೈರಿನ ಪಕ್ಕದಲ್ಲಿ ‘40-622’ ಎಂಬಂತೆ ಬರೆದಿರುವ ಸಂಖ್ಯೆಯೊಂದನ್ನೇ ನಂಬಿ.

ಆನ್‌ಲೈನಿನಲ್ಲಿ ತರಿಸುವುದಾದರೆ

ಪೆಟ್ಟಿಗೆಯಲ್ಲಿ ಬರುವ ಸೈಕಲ್ಲು ‘85% ಜೋಡಿಸಿದ್ದು’ ಎಂದಿರುತ್ತದೆ. ಉಳಿದ 15ರಲ್ಲೇ ಹ್ಯಾಂಡಲ್, ಮುಂದಿನ ಗಾಲಿ, ಸೀಟು, ಪೆಡಲ್, ಬ್ರೇಕು ಎಲ್ಲವೂ ಇವೆ. ಫಿಟಿಂಗ್ ಯಾರು ಮಾಡುತ್ತಾರೆ, ಅದಕ್ಕೆ ದುಡ್ಡೆಷ್ಟು, ಅಧಿಕೃತ ಡೀಲರ್ ಬಳಿ ಜೋಡಿಸದಿದ್ದರೆ ವಾರಂಟಿ ಉಳಿಯುತ್ತದೆಯೇ, ಜೋಡಿಸಿದ ಮೇಲೆ ಸೈಜು ಸರಿಯಾಗದಿದ್ದರೆ ವಾಪಸ್ ತಗೊಳ್ಳುತ್ತಾರೆಯೇ ಎಂಬ ಪ್ರಶ್ನೆಗಳಿಗೆ ದುಡ್ಡು ಕಟ್ಟುವ ಮೊದಲೇ ಉತ್ತರ ಬೇಕು. ಕೊನೆಯದಕ್ಕೆ ಬಹುತೇಕ ಕಡೆ ಇಲ್ಲ ಎಂದೇ ಉತ್ತರ. ಸ್ಟ್ಯಾಂಡು, ಬೆಲ್ಲು, ಮಡ್‌ಗಾರ್ಡು ಬೆಲೆಯಲ್ಲಿ ಸೇರಿವೆಯೇ ಎಂದೂ ನೋಡಿ. ಇವನ್ನೆಲ್ಲ ಕೂಡಿಸಿದಾಗ ರಿಯಾಯಿತಿಯ ಬಹುಪಾಲು ಕರಗಿಹೋಗುವುದುಂಟು.

ಪೆಟ್ಟಿಗೆ ಬಂದ ಕೂಡಲೇ ಒಡೆಯುವುದರಿಂದ ಹಿಡಿದು ವಿಡಿಯೊ ಮಾಡಿ. ಮೊದಲು ನೋಡಬೇಕಾದದ್ದು ಹಿಂದಿನ ಗಾಲಿಯ ಬಲಬದಿ. ಗೇರು ಬದಲಿಸುವ ಡಿರೇಲರ್ ನೇತಾಡುವ ಪುಟ್ಟ ಅಲ್ಯೂಮಿನಿಯಂ ಕೊಂಡಿ ಅಲ್ಲಿದೆ. ಪೆಟ್ಟಿಗೆ ಆ ಕಡೆ ಬಿದ್ದಿದ್ದರೆ ಬಾಗುವುದು ಅದೇ. ಹಿಂದೆ ಕುಳಿತು ನೋಡಿದಾಗ ಡಿರೇಲರ್ ಗಾಲಿಗೆ ಸಮಾಂತರವಾಗಿ ತೂಗುತ್ತಿರಬೇಕು. ಒಳಕ್ಕೆ ವಾಲಿದ್ದರೆ ಓಡಿಸಲೇಬೇಡಿ: ಏರಿನಲ್ಲಿ ದೊಡ್ಡ ಚಕ್ರಕ್ಕೆ ಗೇರು ಹಾಕಿದ ಗಳಿಗೆ ಅದು ಕಡ್ಡಿಗಳೊಳಗೆ ಸಿಕ್ಕಿ, ಡಿರೇಲರ್ ಮುರಿದು, ಗಾಲಿಯೂ ಹಾಳಾಗುತ್ತದೆ.

ಜೋಡಿಸುವವರಿಗೆ 4, 5, 6 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಪಾನಾ, ಸ್ವಲ್ಪ ಗ್ರೀಸು ಬೇಕು. ಫೋರ್ಕು ಹಿಂದುಮುಂದಾಗದಿರಲಿ. ಇದು ನಂಬಲಾಗದಷ್ಟು ಸಾಮಾನ್ಯ ತಪ್ಪು. ವಿ-ಬ್ರೇಕ್ ಫೋರ್ಕಿನ ಮುಂಬದಿಯಲ್ಲಿ ಕಾಣಬೇಕು, ಡಿಸ್ಕ್ ಆದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡು ಇರುವ ಭಾಗ) ಫೋರ್ಕಿನ ಎಡಗಾಲಿನ ಹಿಂದೆ. ಹೈಡ್ರಾಲಿಕ್ ಬ್ರೇಕಿದ್ದರೆ ಗಾಲಿ ಹಾಕುವವರೆಗೆ ಲಿವರ್ ಒತ್ತಬೇಡಿ, ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಸ್ಟೆಮ್ಮಿನ ಪಕ್ಕದ ಬೋಲ್ಟು ಸಡಿಲವಿರುವಾಗಲೇ ಮೇಲಿನ ಮುಚ್ಚಳದ ಬೋಲ್ಟನ್ನು, ಫೋರ್ಕಿನ ಅಲುಗಾಟ ನಿಲ್ಲುವಷ್ಟು ಮಾತ್ರ ಬಿಗಿ ಮಾಡಿ. ಆಮೇಲೆ ಪಕ್ಕದ ಬೋಲ್ಟುಗಳನ್ನು ಸುಮಾರು 5 ನ್ಯೂಟನ್ ಮೀಟರ್ ಬಿಗಿತದವರೆಗೆ ತಿರುಗಿಸಿ. ಸ್ಟೆಮ್ಮಿನ ಮೇಲೆ ಬೇರೆ ಸಂಖ್ಯೆ ಅಚ್ಚಾಗಿದ್ದರೆ ಅದೇ ಅಂತಿಮ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟಕಟ ಎನ್ನಬಾರದು.

ಪೆಡಲ್‌ಗಳ ಮೇಲೆ ಎಲ್ ಮತ್ತು ಆರ್ ಇರುತ್ತದೆ. ಎಡ ಪೆಡಲಿನದು ಉಲ್ಟಾ ಮರೆ (ಥ್ರೆಡ್), ಎಡಕ್ಕೆ ತಿರುಗಿಸಿದರೆ ಬಿಗಿ. ಗ್ರೀಸು ಸವರಿ ಮೂರ್ನಾಲ್ಕು ಸುತ್ತು ಬರೀ ಬೆರಳಿನಿಂದಲೇ ತಿರುಗಬೇಕು. ಮೊದಲ ಸುತ್ತಿಗೇ ಪಾನಾ ಬೇಕೆನಿಸಿದರೆ ಮರೆ ಓರೆಯಾಗಿದೆ, ತೆಗೆದು ಮತ್ತೆ ಹಾಕಿ. ಪೆಡಲಿನದು ಉಕ್ಕು, ಪೆಡಲ್ ಕೂರುವ ಕ್ರ್ಯಾಂಕಿನದು ಬಹಳ ಸಲ ಅಲ್ಯೂಮಿನಿಯಂ. ಬಲವಂತ ಮಾಡಿದರೆ ಕ್ರ್ಯಾಂಕ್ ಕೈಯನ್ನೇ ಬದಲಿಸಬೇಕು.

ಹಾಗಾದರೆ ಎಲ್ಲಿ ಕೊಳ್ಳುವುದು? ಮೊದಲ ಹೈಬ್ರಿಡ್ ಆದರೆ ಅಂಗಡಿಯಲ್ಲೇ ಕೊಳ್ಳಿ, ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಅದೇ ಮಾದರಿ ಅದೇ ಸೈಜನ್ನು ಓಡಿಸಿ ನೋಡಿದವರಿಗೆ, ರೀಚ್ ಎಷ್ಟು ಬೇಕೆಂದು ಗೊತ್ತಿರುವವರಿಗೆ, ಹತ್ತಿರದಲ್ಲಿ ಗೇರ್ ಸೈಕಲ್ ಬಲ್ಲ ಮೆಕ್ಯಾನಿಕ್ ಇರುವವರಿಗೆ ಆನ್‌ಲೈನ್ ಲಾಭ. ಸಣ್ಣ ಊರುಗಳಲ್ಲಿ ಎಸ್ ಅಥವಾ ಎಕ್ಸ್‌ಎಲ್ ಸೈಜು ಸಿಗುವುದೇ ಇಲ್ಲ, ಅಲ್ಲಿನವರಿಗೆ ಅದೊಂದೇ ದಾರಿ. ಆದರೆ ಅಂಗಡಿಯವನ ಒಂದು ಗಂಟೆ ತಿಂದು, ಸೈಜು ತಿಳಿದುಕೊಂಡು ಹೋಗಿ ಆನ್‌ಲೈನಿನಲ್ಲಿ ತರಿಸಿದವರು ನಾಳೆ ಗಾಲಿ ವಾಲಿದಾಗ ಅದೇ ಬಾಗಿಲಿಗೆ ಹೋಗಬೇಕಾದೀತು ಎಂಬುದೂ ನೆನಪಿರಲಿ.

ಎಲ್ಲಿ ಕೊಂಡರೂ ಬಿಲ್ಲು ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5%ಗೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣುತ್ತಿದೆಯೇ ನೋಡಿ. ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರಿನ ಫೋಟೊ ತೆಗೆದಿಡಿ, ವಾರಂಟಿಗೂ ಕಳವಾದರೆ ಪೊಲೀಸ್ ದೂರಿಗೂ ಅದೇ ಆಧಾರ. ಮಾರಿದವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವರು ಯಾವ ಊರಿನವರಾದರೂ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಹೊಸ ಸೈಕಲ್ಲು ನೂರು, ನೂರೈವತ್ತು ಕಿ.ಮೀ. ಓಡಿದ ಮೇಲೆ ಕೇಬಲ್‌ಗಳು ಸಡಿಲಗೊಳ್ಳುತ್ತವೆ, ಕಡ್ಡಿಗಳ ಬಿಗಿಯೂ ಇಳಿಯುತ್ತದೆ. ಗೇರು ತಾನಾಗಿಯೇ ಜಾರತೊಡಗಿದರೆ ಸೈಕಲ್ಲು ಕೆಟ್ಟಿತೆಂದು ಗಾಬರಿಯಾಗಬೇಡಿ. ಗಾಲಿಯ ಓಲಾಟ ತೆಗೆಸಿ, ಕೇಬಲ್ ಎಳೆಸಿ, ಪೆಡಲ್ ಮತ್ತು ಕ್ರ್ಯಾಂಕಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಅಂಗಡಿಯಲ್ಲಿ ಕೊಂಡವರಿಗೆ ಈ ಮೊದಲ ಸರ್ವಿಸ್ ಸಾಮಾನ್ಯವಾಗಿ ಉಚಿತ. ಬಿಲ್ಲಿನ ಹಿಂದೆ ಬರೆಸಿಕೊಂಡೇ ಹೊರಡಿ.