ಅಥೆನ್ಸ್‌ನಲ್ಲಿ ಸಸ್ಯಾಹಾರಿ ಗುಂಪಿನ ಊಟ: ಲಾದೆರಾ ಹಿಡಿದು ಗೆದ್ದೆ

ಶುದ್ಧ ಸಸ್ಯಾಹಾರಿಗಳ ಗುಂಪನ್ನು ಅಥೆನ್ಸ್‌ನ ತವೆರ್ನಾದಲ್ಲಿ (ಗ್ರೀಕರ ಸಾದಾ ಹೋಟೆಲು) ಕೂರಿಸುತ್ತೇನೆ ಅಂದಾಗ ಟೂರ್ ನಡೆಸುವವರು ಒಬ್ಬರೂ ಒಪ್ಪಲಿಲ್ಲ. ಇಂಡಿಯನ್ ರೆಸ್ಟೋರೆಂಟ್ ಬುಕ್ ಮಾಡಿದರೆ ತಲೆಗೆ ಹತ್ತಿರಹತ್ತಿರ 18 ಯೂರೋ, ಮೂರು ದಿನವೂ ಅದೇ ಪನೀರು, ಅದೇ ದಾಲ್. ಈಗ ಇಪ್ಪತ್ತು ಜನಕ್ಕೆ ತಲೆಗೆ 12 ಯೂರೋ ಆಸುಪಾಸಿನಲ್ಲಿ ಅಪ್ಪಟ ಗ್ರೀಕ್ ಊಟ ಹಾಕಿಸುತ್ತಿದ್ದೇನೆ.

ಮೊದಲೆರಡು ಸಲ ಕೆಟ್ಟದ್ದು ‘ವೆಜಿಟೇರಿಯನ್’ ಅಂತ ಕೇಳಿದ್ದರಿಂದ. ಸಲಾಡ್, ಕರಿದ ಚೀಸು, ಜೊತೆಗೆ ತಾರಮೊಸಲಾತಾ ಬಂತು. ಅದು ಮೀನಿನ ಮೊಟ್ಟೆಯದು. ನಾಲ್ಕು ತಟ್ಟೆ ದುಡ್ಡು ಕೊಟ್ಟು ವಾಪಸ್ ಕಳಿಸಿದ್ದಾಯಿತು. ಕೇಳಬೇಕಾದ ಪದ ‘ನಿಸ್ತೀಸಿಮೊ’, ಅಂದರೆ ಚರ್ಚಿನ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಮೂರೂ ಇರುವುದಿಲ್ಲ. ಆದರೆ ಸಿಗಡಿ, ಕಲಮಾರಿ ಆ ಉಪವಾಸಕ್ಕೆ ನಡೆಯುತ್ತವೆ. ಆದ್ದರಿಂದ ‘ಹೊರೀಸ್ ಥಲಸಿನಾ’, ಕಡಲಿನದ್ದು ಬೇಡ, ಅಂತಲೂ ಸೇರಿಸಿ. ತಾರಮೊಸಲಾತಾ ಬೇಡವೆಂದು ಬೇರೆಯಾಗಿಯೇ ಹೇಳಿ.

ಅದಕ್ಕಿಂತ ಗಟ್ಟಿ ದಾರಿ ಲಾದೆರಾ: ಆಲಿವ್ ಎಣ್ಣೆ, ಟೊಮೆಟೊದಲ್ಲಿ ನಿಧಾನಕ್ಕೆ ಬೇಯಿಸಿದ ತರಕಾರಿ. ಹುರುಳಿಕಾಯಿಯ ಫಸೊಲಾಕ್ಯಾ, ಬೆಂಡೆಕಾಯಿಯ ಬಾಮ್ಯೆಸ್, ಬದನೆ-ಆಲೂಗಡ್ಡೆಯ ಬ್ರಿಯಾಮ್. ಅನ್ನ ತುಂಬಿದ ಟೊಮೆಟೊ (ಗೆಮಿಸ್ತಾ), ದ್ರಾಕ್ಷಿ ಎಲೆಯ ದೊಲ್ಮಾದೆಸ್ ಬಂದಾಗ ‘ಮೆ ಕಿಮಾ?’ ಅಂತ ಕೇಳಲೇಬೇಕು. ಕಿಮಾ ಅಂದರೆ ನಮ್ಮ ಖೀಮಾವೇ. ಉತ್ತರ ‘ನೇ’ ಅಂತ ಬಂದರೆ ಇದೆ ಅಂತ ಅರ್ಥ! ಗದ್ದ ಮೇಲೆತ್ತಿ ‘ತ್ಚ್’ ಅಂದರೆ ಇಲ್ಲ. ಇದನ್ನು ತಿರುಗುಮುರುಗು ಮಾಡಿಕೊಂಡೇ ಜಾತಿ ಕೆಡುವುದು.

ಜಾಗ ಮಾಗಿರ್ಯೋ, ಅಂದರೆ ಗ್ರೀಕರ ಖಾನಾವಳಿ, ಆಗಿರಲಿ. ಬೆಳಿಗ್ಗೆ ಮಾಡಿ ಟ್ರೇಗಳಲ್ಲಿಟ್ಟ ಅಡುಗೆ. ಕಣ್ಣಲ್ಲಿ ನೋಡಿ ಬೆರಳು ತೋರಿಸಿದರೆ ಸಾಕು. ಅಲ್ಲಿನವರು ಎರಡು ಗಂಟೆ ಮೇಲೆ ಬರುತ್ತಾರೆ, ನಾವು ಹನ್ನೆರಡೂವರೆಗೇ ಹೋಗಬೇಕು. ಮೂರರ ನಂತರ ಟ್ರೇ ತಳ ಕಾಣುತ್ತದೆ. ಲಾದೆರಾ ಉಗುರುಬೆಚ್ಚಗೇ ಬರುತ್ತದೆ, ಬಸ್ಸಿನಲ್ಲೇ ಹೇಳಿಬಿಡಿ. ಬಿಸಿ ಮಾಡಿಸಿದರೆ ಬ್ರಿಯಾಮ್ ಮುದ್ದೆಯಾಗಿ ಎಣ್ಣೆ ಬಿಡುತ್ತದೆ. ವರ್ವಾಕಿಯೊಸ್ ಮಾರುಕಟ್ಟೆ ಹತ್ತಿರ ನಾನು ಹೋಗುವ ಜಾಗದ ಹೆಸರು ಮಾತ್ರ ಕೊಡುವುದಿಲ್ಲ; ಇಪ್ಪತ್ತೇ ಕುರ್ಚಿ ಇರುವುದು.

ನಾಲ್ಕು ಜನಕ್ಕೆ ಎರಡು ಲಾದೆರಾ, ಬೇಳೆಯ ಫಾವಾ ಒಂದು, ನಿಂಬೆ ಹಿಂಡಿದ ಸೊಪ್ಪು ಹೊರ್ತಾ ಒಂದು, ಟೊಮೆಟೊ, ಸೌತೆಕಾಯಿ, ಫೆಟಾ ಚೀಸಿನ ಹೊರ್ಯಾತಿಕಿ ಸಲಾಡ್ ಒಂದು. ತಲೆಗೊಂದು ಅಂತ ಹೇಳಿದರೆ ಅರ್ಧ ಉಳಿಯುತ್ತದೆ. ಬ್ರೆಡ್ಡಿಗೆ ತಲೆಗೆ ಸುಮಾರು ಒಂದು ಯೂರೋ ಬಿಲ್ಲಿಗೆ ಸೇರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಥೆನ್ಸ್‌ನ ನಲ್ಲಿ ನೀರು ಕುಡಿಯಬಹುದು. ಜಗ್ಗಿನಲ್ಲಿ ಕೇಳಿದರೆ ಬಾಟಲಿ ಖರ್ಚು ಉಳಿಯುತ್ತದೆ. ರಸೀತಿ ಕೊಡದಿದ್ದರೆ ಹಣ ಕೊಡಬೇಕಿಲ್ಲ ಅಂತ ಮೆನುವಿನಲ್ಲೇ ಅಚ್ಚಾಗಿರುತ್ತದೆ.

ಫಾವಾ ನಮ್ಮ ತೊವ್ವೆಯ ತಮ್ಮ: ಹಳದಿ ಬೇಳೆ ನುಣ್ಣಗೆ, ಮೇಲೆ ಹಸಿ ಈರುಳ್ಳಿ, ಎಣ್ಣೆ. ಚಟ್ನಿಪುಡಿ ಉದುರಿಸಿದೆ, ಬಟ್ಟಲು ಖಾಲಿ. ಪಾಲಕ್ ಅನ್ನಕ್ಕೆ (ಸ್ಪನಕೊರಿಜೊ) ಪುಳಿಯೋಗರೆ ಗೊಜ್ಜು ಕಲಸಿದ್ದು ಕೆಟ್ಟಿತು. ಸಬ್ಬಸಿಗೆ, ನಿಂಬೆಯ ಮೇಲೆ ಹುಣಸೆ ಹೊಂದುವುದಿಲ್ಲ. ಖಾರಕ್ಕೆ ಎವ್ರಿಪಿದು ಬೀದಿಯಲ್ಲಿ ಬುಕೊವೊ ಮೆಣಸಿನ ತರಿ ಕೊಳ್ಳಿ. ಸಿಹಿಗೆ ರವೆಯ ಹಲ್ವಾ ಕೇಳಿ. ಅಳತೆ ಎಣ್ಣೆ 1, ರವೆ 2, ಸಕ್ಕರೆ 3, ನೀರು 4. ಕೇಸರಿಬಾತ್ ತಿಂದವರಿಗೆ ಏನೂ ವಿವರಿಸಬೇಕಿಲ್ಲ.

ಜೈನರಿದ್ದರೆ ಈ ದಾರಿ ಬೇಡ. ಲಾದೆರಾ ಶುರುವಾಗುವುದೇ ಈರುಳ್ಳಿಯಿಂದ.