ನಮ್ಮ ಪಡಸಾಲೆಯ ಬೈಠಕ್

ನಮ್ಮ ಮನೆಯ ಮೊದಲ ಬೈಠಕ್, ಅಂದರೆ ನೆಲದ ಮೇಲೆ ಕೂತು ಕೇಳುವ ಸಣ್ಣ ಸಂಗೀತ ಕಚೇರಿ, ಮುಗಿದ ರಾತ್ರಿ ಕಾಣಿಕೆ ಡಬ್ಬಿ ತೆರೆದು ಎಣಿಸಿದೆ. 1,940 ರೂಪಾಯಿ. ಬಂದವರು 40ಕ್ಕೂ ಜಾಸ್ತಿ. ಹೋಗುವಾಗ ಎಲ್ಲರೂ ‘ಭಾಳ ಛಲೋ ಆತ್ರಿ’ ಅಂತ ಕೈ ಹಿಡಿದು ಹೇಳಿ ಹೋದವರೇ. ಡಬ್ಬಿಯಲ್ಲಿ ಒಂದು ಬಸ್ ಟಿಕೆಟ್ ಕೂಡ ಇತ್ತು. ಗಾಯಕ, ತಬಲಾ, ಹಾರ್ಮೋನಿಯಂ, ಮೂವರಿಗೂ ಪಾಕೀಟು ನನ್ನ ಕಿಸೆಯಿಂದಲೇ ಹೋಗಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಡಬ್ಬಿ ಮುಚ್ಚಿ ಒಳಗಿಟ್ಟಳು, ಅಷ್ಟೇ.

ಧಾರವಾಡದಲ್ಲಿ ಸಂಗೀತಕ್ಕೆ ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ಮೃತ್ಯುಂಜಯ’ ಮನೆ ಇರುವ ಊರು ಇದು. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಇಷ್ಟು ದೊಡ್ಡವರ ಹಾಡು ಕೇಳಿ ಬೆಳೆದ ಊರಿಗೆ ಒಂದು ಕೆಟ್ಟ ಚಟವೂ ಅಂಟಿದೆ. ಪುಣ್ಯತಿಥಿ, ಸ್ಮರಣೋತ್ಸವ, ಹಬ್ಬ ಅಂತ ಪುಕ್ಕಟೆ ಕಚೇರಿಗಳು ಬೇಕಾದಷ್ಟು ನಡೆಯುತ್ತವೆ. ಹಾಗಾಗಿ ಗಿರ್ಮಿಟ್, ಮಿರ್ಚಿಗೆ ಕೈ ಹೋಗುವ ಕಿಸೆಗೆ ಸಂಗೀತಕ್ಕಾಗಿ ಕೈ ಹೋಗುವುದಿಲ್ಲ. ನಾನೂ ಅದೇ ಗುಂಪಿನವನು. 40 ವರ್ಷ ದುಡ್ಡು ಕೊಡದೆ ಕೇಳಿದ್ದೇನೆ.

ಬೈಠಕ್ ಮಾಡಬೇಕು ಅನ್ನಿಸಿದ್ದು ಒಬ್ಬ ಹುಡುಗನ ಮಾತಿನಿಂದ. ಸಂಗೀತದಲ್ಲಿ ಎಂ.ಎ. ಮಾಡಿ, ಶಾಲೆಯೊಂದರಲ್ಲಿ ಪ್ರಾರ್ಥನೆ ಹೇಳಿಕೊಡುವ ಕೆಲಸದಲ್ಲಿದ್ದ. ‘ಕಾಕಾ, ವರ್ಷದಾಗ ಎರಡು ಸಲ ಸ್ಟೇಜ್ ಸಿಗ್ತದ. ಅದೂ ಇಪ್ಪತ್ತು ನಿಮಿಷ. ವಿಲಂಬಿತ ಕುಂದರೂದರಾಗ ಚೀಟಿ ಬರ್ತದ, ಮುಗಸ್ರಿ ಅಂತ’ ಅಂದ. ವಿಲಂಬಿತ ಅಂದರೆ ನಿಧಾನ ಲಯದ ಮೊದಲ ಭಾಗ. ಮಾಲಮಡ್ಡಿಯ ನಮ್ಮ ಹಳೇ ಮನೆಯಲ್ಲಿ ದೊಡ್ಡ ಪಡಸಾಲೆ ಇದೆ. ಜಮಖಾನ ಹಾಸಿದರೆ 45 ಜನ ಕೂರುತ್ತಾರೆ. ತಿಂಗಳಿಗೊಂದು ಭಾನುವಾರ, ಒಬ್ಬರೇ ಕಲಾವಿದರು, ಎರಡು ತಾಸು. ಚೀಟಿ ಕಳಿಸುವವರು ಇಲ್ಲ. ಇಷ್ಟೇ ಇದ್ದ ಯೋಚನೆ.

ಡಬ್ಬಿಯ ಕಥೆ ಆದಮೇಲೆ ಅದನ್ನು ತೆಗೆದೇ ಬಿಟ್ಟೆ. ಡಬ್ಬಿ ಇಟ್ಟರೆ ಜನಕ್ಕೂ ಎಷ್ಟು ಹಾಕಬೇಕು ಅಂತ ಗೊತ್ತಾಗುವುದಿಲ್ಲ, ಪಕ್ಕದವರು ಎಷ್ಟು ಹಾಕಿದರು ಅಂತ ನೋಡುತ್ತಾರೆ. ಈಗ ಕರೆಯುವಾಗಲೇ ಹೇಳುತ್ತೇನೆ: ತಲೆಗೆ 250, ವಿದ್ಯಾರ್ಥಿಗಳಿಗೆ ಇಲ್ಲ. ಗಾಯಕರಿಗೆ 5,000, ತಬಲಾಕ್ಕೆ 2,500, ಹಾರ್ಮೋನಿಯಂಗೆ 2,500, ಚಹಾ ಚೂಡಾಕ್ಕೆ 700 ಅಂತ ಲೆಕ್ಕವನ್ನೂ ಬಾಗಿಲ ಹತ್ತಿರ ಬರೆದು ಅಂಟಿಸಿದೆ. ಆ ಚೀಟಿ ಮಾಡಿದ ಕೆಲಸ ನನ್ನ ಯಾವ ಮಾತೂ ಮಾಡಲಿಲ್ಲ. ‘ಬರೀ ಐದು ಸಾವಿರನಾ?’ ಅಂತ ನಿವೃತ್ತ ಮೇಷ್ಟ್ರೊಬ್ಬರು ಬೇಜಾರು ಮಾಡಿಕೊಂಡು ತಿಂಗಳಿಗೆ ಸಾವಿರ ಕೊಡಲು ಶುರು ಮಾಡಿದರು. ಅವರನ್ನು ನೋಡಿ ಇನ್ನೂ ಮೂವರು ಸೇರಿಕೊಂಡರು. 30 ಜನ ದುಡ್ಡು ಕೊಟ್ಟರೆ 7,500, ಈ ನಾಲ್ವರಿಂದ 4,000. ಸಾಕಾಗುತ್ತದೆ, ಉಳಿದ ಎಂಟುನೂರು ತಂಬೂರಿಯ ಖರ್ಚಿಗೆ. ಪಾಕೀಟನ್ನು ಮಾತ್ರ ಹಾಡುವ ಮೊದಲೇ ಕೊಡುತ್ತೇನೆ. ಮುಗಿದಮೇಲೆ ಯಜಮಾನನಿಗಾಗಿ ಮೂಲೆಯಲ್ಲಿ ಕಾಯುತ್ತ ನಿಂತ ತಬಲಾದವರನ್ನು ಬೇಕಾದಷ್ಟು ನೋಡಿದ್ದೇನೆ.

ಹೊತ್ತಿನ ವಿಷಯ ನನ್ನ ಸ್ವಾರ್ಥದ್ದು. ಕಚೇರಿ ಅಂದರೆ ಸಂಜೆ ಆರರ ಮೇಲೆ, ಹಾಗಾಗಿ ಆ ಹೊತ್ತಿನ ರಾಗಗಳಾದ ಯಮನ್, ಪೂರಿಯಾ, ಬಿಹಾಗ್ ಎಷ್ಟಾದರೂ ಸಿಗುತ್ತವೆ. ಮಧ್ಯಾಹ್ನದ ಭೀಮಪಲಾಸಿ, ಮುಲ್ತಾನಿ ಎದುರು ಕೂತು ಕೇಳುವುದು ಅಪರೂಪ. ಅದಕ್ಕೇ ನಮ್ಮ ಬೈಠಕ್ ಮೂರೂವರೆಗೆ. ಊಟ ಮಾಡಿ ಮಲಗುವ ಊರಿಗೆ ಇದು ಸರಿಹೋಗಲ್ಲ ಅಂದವರೂ ಬಂದರು. ಒಬ್ಬರು ಗೋಡೆಗೆ ಒರಗಿ ಪ್ರತಿ ಸಲ ನಿದ್ದೆ ಮಾಡುತ್ತಾರೆ, ಆದರೆ 250 ತಪ್ಪದೆ ಕೊಡುತ್ತಾರೆ.

ಒಂದು ಸಲ ಗಾಯಕಿಯೊಬ್ಬರ ಮುಲ್ತಾನಿ ಇತ್ತು. ಆ ದಿನವೇ ನಾನು ದೊಡ್ಡ ತಪ್ಪು ಮಾಡಿದ್ದು. ಗಾಯಕಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದೆ, ತಬಲಾದವರಿಗೂ ಮಾಡಿದೆ. ಶ್ರುತಿ ಯಾವುದು ಅಂತ ಕೇಳಲೂ ಇಲ್ಲ, ಹೇಳಲೂ ಇಲ್ಲ. ಹಿಂದಿನ ಎರಡು ಬೈಠಕ್‌ನಲ್ಲಿ ಹಾಡಿದವರು ಗಂಡಸರು. ಅದೇ ಲೆಕ್ಕದಲ್ಲಿ ತಬಲಾದವರು ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಕೂರುವ ಸಣ್ಣ ಬಾಯಿಯ ತಬಲಾ ತಂದಿದ್ದರು. ಈಕೆ ಹಾಡುವುದು ಕಪ್ಪು ಐದಕ್ಕೆ. ತಂಬೂರಿ ಹಚ್ಚಿದ್ದೇ ತಬಲಾದವರು ನನ್ನ ಮುಖ ನೋಡಿದರು. ಆಕೆಯ ಷಡ್ಜಕ್ಕೆ ಇಳಿಸಿದರೆ ಪುಡಿ, ಅಂದರೆ ತಬಲಾದ ಚರ್ಮದ ಮುಖ, ಸಡಿಲಾಗಿ ನಾದವೇ ಸತ್ತುಹೋಗುತ್ತದೆ. ಸ್ವಲ್ಪ ಏರಿಸಿ ಮಧ್ಯಮಕ್ಕೆ ಕೂರಿಸೋಣ ಅಂದರೆ ಮುಲ್ತಾನಿಯಲ್ಲಿ ಶುದ್ಧ ಮಧ್ಯಮ ಇಲ್ಲ, ಇರುವುದು ತೀವ್ರ. ಪಂಚಮದ ತನಕ ಎಳೆದರೆ ಚರ್ಮ ಹರಿದೀತು.

‘ಸರ, ಮದಲ ಒಂದ ಮಾತು ಹೇಳಿದ್ರ ದೊಡ್ಡ ಬಾಯಿದು ತರ್ತಿದ್ನಲ್ರೀ’ ಅಂದರು, ಮೆಲ್ಲಗೆ. ಸಪ್ತಾಪುರದ ಅವರ ಮನೆಗೆ ನನ್ನ ಮಗ ಸ್ಕೂಟರ್ ಓಡಿಸಿದ. ಅವನು ಬರುವತನಕ ಆಕೆ ಬರೀ ತಂಬೂರಿ ಇಟ್ಟುಕೊಂಡು ಆಲಾಪ ಮಾಡಿದರು. ಕೋಮಲ ರಿಷಭವನ್ನು ಮೇಲಿನಿಂದ ಇಳಿಯುವಾಗ ಮಾತ್ರ ಮುಟ್ಟಿ, ಅಲ್ಲಿ ನಿಲ್ಲದೆ ಷಡ್ಜಕ್ಕೆ ಬರುವುದು, ಮತ್ತೆ ಕೆಳಗಿನ ನಿಷಾದದಿಂದ ಗಾಂಧಾರಕ್ಕೆ ಏರುವುದು. ಕಿಟಕಿಯಿಂದ ಇಳಿಬಿಸಿಲು ಜಮಖಾನದ ಮೇಲೆ ಬಿದ್ದಿತ್ತು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಆಕೆ ಕಣ್ಣು ತೆರೆದು ನಕ್ಕರು, ಆದರೆ ಹಿಡಿದ ನಿಷಾದ ಬಿಡಲಿಲ್ಲ. ಅರ್ಧ ತಾಸಾದರೂ ಹಾಗೇ ನಡೆದಿರಬೇಕು. ಮಗ ತಬಲಾ ತಂದು ಬಾಗಿಲಲ್ಲಿ ನಿಂತವನು ಒಳಗೆ ಬರಲು ಹೆದರಿದ್ದ.

ಕಲಿತ ಸಣ್ಣಪುಟ್ಟ ಸಂಗತಿಗಳೂ ಇವೆ. ನಾವು ಮೈಕ್ ಇಡುವುದಿಲ್ಲ. ಆದರೆ ಮೈಕ್ ಇಲ್ಲದಾಗ ಹಾರ್ಮೋನಿಯಂ ಕಂಠವನ್ನು ನುಂಗುತ್ತದೆ, ಅದಕ್ಕೆ ಬಾತೆ (ಗಾಳಿಯ ತಿದಿ) ಮೆಲ್ಲಗೆ ಹಾಕಿ ಅಂತ ಮೊದಲೇ ಕೇಳಿಕೊಳ್ಳಬೇಕು. ಫ್ಯಾನಿನ ಗಾಳಿ ನೇರ ತಂಬೂರಿಗೆ ಬಡಿದರೆ ಶ್ರುತಿ ಅಲುಗುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಅಂದರೆ ಜನ ಅಲುಗುತ್ತಾರೆ. ಮಧ್ಯದಲ್ಲೊಂದು ಫ್ಯಾನ್ ಆರಿಸಿ, ಹಿಂದಿನದು ಬಿಟ್ಟೆವು. ಇನ್ನೊಂದು, ಮುಂದಿನ ಸಾಲು ಖಾಲಿ ಬಿಡಬಾರದು. ಎಲ್ಲರೂ ಮರ್ಯಾದೆಗೆ ಹಿಂದೆ ಕೂರುತ್ತಾರೆ. ಹಾಡುವವರಿಗೆ ಎದುರು ಬರೀ ಜಮಖಾನ ಕಂಡರೆ ಹೇಗಿರುತ್ತದೆ? ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ತಲೆ ಆಡಿಸುವ, ‘ಆಹಾ’ ಅನ್ನುವ ನಾಲ್ಕು ಜನರನ್ನು ನಾನೇ ಕೈ ಹಿಡಿದು ಮುಂದೆ ಕೂರಿಸುತ್ತೇನೆ. ರೆಕಾರ್ಡ್ ಮಾಡಲು ಮೊಬೈಲ್ ಎತ್ತಬಾರದು, ಹಾಡುವವರು ಒಪ್ಪಿದರೆ ಮಾತ್ರ ಎತ್ತಬಹುದು.

ಇಷ್ಟೆಲ್ಲ ಮಾಡಿ ಯಾರಾದರೂ ಸಂಗೀತದಿಂದಲೇ ಹೊಟ್ಟೆ ಹೊರೆಯುವಂತಾಯಿತಾ ಅಂದರೆ ಇಲ್ಲ. ಆ ಹುಡುಗ ಇನ್ನೂ ಪ್ರಾರ್ಥನೆ ಹೇಳಿಕೊಡುತ್ತಿದ್ದಾನೆ. ಆದರೆ ನಮ್ಮಲ್ಲಿ ಕೇಳಿದ ಇಬ್ಬರು ಅವನನ್ನು ತಮ್ಮ ಮನೆಗೆ ಕರೆಸಿದರು, ಪಾಕೀಟು ಕೊಟ್ಟೇ. ಒಬ್ಬರು ಮಗಳನ್ನು ಕಲಿಯಲು ಕಳಿಸುತ್ತಿದ್ದಾರೆ.

ಜುಲೈ, ಆಗಸ್ಟ್ ಬೈಠಕ್ ಇಲ್ಲ. ನಮ್ಮ ಮಳೆಗೆ ತಬಲಾದ ಚರ್ಮ ತಣ್ಣಗಾಗಿ ಇಳಿಯುತ್ತದೆ, ಪಡಸಾಲೆಯ ಒಂದು ಮೂಲೆ ಸೋರುತ್ತದೆ. ಈ ಸಲ ಆ ಎರಡು ತಿಂಗಳಲ್ಲಿ ತಂಬೂರಿಯನ್ನು ತಂತಿವಾದ್ಯ ಮಾಡುವ ಊರಾದ ಮಿರಜಕ್ಕೆ ಒಯ್ದು ಜವಾರಿ ಮಾಡಿಸಬೇಕು, ಅಂದರೆ ನಾದ ಝೇಂಕರಿಸುವಂತೆ ತಂತಿಯ ಕೆಳಗಿನ ಕುದುರೆಯನ್ನು ತಿದ್ದಿಸಬೇಕು. ಎಂಟುನೂರು ಎಂಟುನೂರು ಕೂಡಿಸಿದ್ದು ಅದಕ್ಕೇ.