ಬೀದಿಯ ಮೂಳೆಗೆ ಬಾಯಿ ಹಾಕದಂತೆ ನಾಯಿಗೆ ‘ಬಿಡು’ ಕಲಿಸುವುದು

ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಅದಕ್ಕೇ ‘ಕೂರು’, ‘ಶೇಕ್‌ಹ್ಯಾಂಡ್’ಗಿಂತ ಮೊದಲು ಈ ಪಾಠ ಆಗಬೇಕು.

ಒಂದು ಮುಷ್ಟಿಯಲ್ಲಿ ನಾಲ್ಕು ಕಾಳು ಒಣ ಆಹಾರ ಮುಚ್ಚಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ, ಬೆನ್ನ ಹಿಂದೆ, ಬಟಾಣಿ ಗಾತ್ರದ ಬೇಯಿಸಿದ ಕೋಳಿ ತುಂಡುಗಳಿರಲಿ. ಉಪ್ಪು, ಈರುಳ್ಳಿ ಬೇಡ. ನಾಯಿ ಮುಷ್ಟಿ ನೆಕ್ಕಲಿ, ಕೆರೆಯಲಿ, ಮಾತಾಡಬೇಡಿ. ಮೂಗು ಹಿಂದೆಳೆದ ಆ ಕ್ಷಣವೇ ‘ಭೇಷ್’ ಎಂದು ಕೋಳಿ ಕೊಡಿ. ಮುಷ್ಟಿಯಲ್ಲಿರುವುದನ್ನು ಎಂದೂ ಕೊಡಬಾರದು. ಕೊಟ್ಟರೆ, ‘ಸ್ವಲ್ಪ ಕಾದರೆ ಅದೇ ಸಿಗುತ್ತದೆ’ ಎಂದು ಕಲಿಯುತ್ತದೆ.

ಹತ್ತರಲ್ಲಿ ಎಂಟು ಸಲ ಗೆದ್ದ ಮೇಲೆ ಅಂಗೈ ತೆರೆಯಿರಿ, ‘ಬಿಡು’ ಪದ ಸೇರಿಸಿ. ಮುಂದೆ ಕಾಳನ್ನು ನೆಲದ ಮೇಲಿಡಿ, ನಾಯಿ ನುಗ್ಗಿದರೆ ಪಾದ ಅಡ್ಡ ಇಡಲು ಸಿದ್ಧರಾಗಿ. ಆಮೇಲೆ ಸೊಂಟದೆತ್ತರದಿಂದ ಬೀಳಿಸಿ. ದಿನಕ್ಕೆ ಎರಡು ಸಲ, ಐದೇ ನಿಮಿಷ ಸಾಕು.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಹಾಲ್‌ನಲ್ಲಿ ಪಾಸಾದ ನಾಯಿಯನ್ನು ನೇರ ಬಿರಿಯಾನಿ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ನಾಯಿಗೆ ಜಾಗ ಬದಲಾದರೆ ಪಾಠವೂ ಹೊಸದು. ಮೊದಲು ಅಂಗಳ, ನಂತರ ಖಾಲಿ ರಸ್ತೆ. ಮೂಳೆಯಿಂದ ಎರಡು ಮೀಟರ್ ದೂರ, ಹಗ್ಗ ಸಡಿಲ. ‘ಬಿಡು’ ಒಂದೇ ಸಲ ಹೇಳಿ. ಐದು ಸಲ ಕೂಗಿದರೆ ಮೊದಲ ನಾಲ್ಕಕ್ಕೆ ಬೆಲೆಯೇ ಇರದು.

ಆಗಲೇ ಬಾಯಿಗೆ ಹಾಕಿಕೊಂಡಿದ್ದರೆ ಬೆನ್ನಟ್ಟಬೇಡಿ, ಗಾಬರಿಗೆ ನುಂಗಿಬಿಡುತ್ತದೆ. ಮೂಗಿನ ಹತ್ತಿರ ಕೋಳಿ ತುಂಡು ಹಿಡಿದು ಅದಲುಬದಲು ಮಾಡಿ. ನುಂಗಿಯೇಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗದೆ ಪಶುವೈದ್ಯರಿಗೆ ಫೋನ್ ಮಾಡಿ.